ಸೆರಗಿನ ಕೆಳಗಿನ ಎರಡು ಬೆರಳು

ಹೆಗಲ ಮೇಲಿನ ಶಲ್ಲೆ ಇರುವುದು ಬೆವರು ಒರೆಸಿಕೊಳ್ಳುವುದಕ್ಕೆ ಎಂದು ತಿಳಿದವರು ಜೀವನವಿಡೀ ಬೆವರು ಒರೆಸಿಕೊಳ್ಳುತ್ತಲೇ ಇರಬೇಕಾಗುತ್ತದೆ. ಅದರ ನಿಜವಾದ ಉಪಯೋಗ ತಿಳಿಯಬೇಕಾದರೆ ನೀವು ಸಂತೆಯ ದಿನ ಮುಂಜಾನೆ ವಿಜಾಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗುವ ಬಸ್ಸು ಹಿಡಿದು (ಡ್ರೈವರನ ಹಿಂದೆ ಎರಡನೆಯ ಸಾಲಿನಲ್ಲೇ ಕೂಡಿರಿ, ಮೊದಲನೆಯದರಲ್ಲಿ ಎಂಜಿನ್ನಿನ ಕಾವು, ಹಿಂದೆ ಹೋದಷ್ಟೂ ಗಾಲಿಯ ಕುಣಿತ), ಎತ್ತು ಕಟ್ಟುವ ಬಯಲಿಗೆ ಬರಬೇಕು. ಅಲ್ಲಿ ಇಬ್ಬರು ಗಂಡಸರು ಒಬ್ಬರ ಮುಖವನ್ನೊಬ್ಬರು ನೋಡದೆ, ಒಂದೇ ಶಲ್ಲೆಯ ಕೆಳಗೆ ಕೈಯಲ್ಲಿ ಕೈಯಿಟ್ಟು, ಬೇರೆಯಾಗಲಿರುವ ಅಣ್ಣತಮ್ಮಂದಿರ ಹಾಗೆ ಗಂಭೀರವಾಗಿ ನಿಂತಿರುವುದು ಕಾಣುತ್ತದೆ. ಮರುಗಬೇಡಿ. ಅವರು ಒಂದು ಜೋಡಿ ಕಿಲಾರಿ ಎತ್ತಿನ ಬೆಲೆ ಕಟ್ಟುತ್ತಿದ್ದಾರೆ. ಒಂದು ಬೆರಳು ಒತ್ತಿದರೆ ಒಂದು, ಎರಡು ಒತ್ತಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಹತ್ತರ ಲೆಕ್ಕವೋ ನೂರರ ಲೆಕ್ಕವೋ ಎನ್ನುವುದನ್ನು ಮಾತ್ರ ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಬೇಕು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಕೈ ಹಿಡಿದವರಿಬ್ಬರಿಗೆ ಎಲ್ಲವೂ ತಿಳಿಯಬೇಕು. ಒಮ್ಮೆ ಒತ್ತಿದ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳುವವನು ನಮ್ಮಲ್ಲಿ ದಲ್ಲಾಳಿ ಎನಿಸಿಕೊಳ್ಳುವುದಿಲ್ಲ.

ಈ ಅಂಗುಲಿವಿದ್ಯೆಯನ್ನು ನನಗೆ ಧಾರೆಯೆರೆದವನು ತಿಕೋಟಾದ ಹುಸೇನಸಾಬ. ಅವನ ತಂದೆ, ಅಜ್ಜ ಎಲ್ಲರೂ ದನದ ದಲ್ಲಾಳಿಗಳೇ. ನಾನು ಹಾಗಲ್ಲ, ನನಗೆ ನನ್ನ ತಂದೆಯಿಂದ ಬಂದದ್ದು ಯೇಸುಸ್ವಾಮಿಯ ನಂಬಿಕೆ, ಒಂದು ಕೀರ್ತನೆ ಪುಸ್ತಕ ಮತ್ತು ಎತ್ತರದ ಧ್ವನಿ, ಮೂರೇ. ಹಗ್ಗ, ಮೂಗುದಾರ, ಗೆಜ್ಜೆಗಳನ್ನು ಭುಜದ ಮೇಲೆ ಹೊತ್ತು ಸಂತೆಯಿಂದ ಸಂತೆಗೆ ಅಲೆದು, ಧ್ವನಿಯನ್ನು ಬಳಸಿ ಬದುಕಿ, ಕಡೆಗೆ ಸೊಲ್ಲಾಪುರ ರಸ್ತೆಯಲ್ಲಿ ಸ್ವಂತದ ಒಂದು ಅಂಗಡಿ ಹಾಕಿ, ಸಂತೆಯ ದಿನಗಳಲ್ಲಿ ದಲ್ಲಾಳಿತನವನ್ನೂ ಮಾಡುತ್ತಾ ಬಂದವನು. ಇಂಥವನಿಗೆ ಲೋಕಕ್ಕೆ ಬುದ್ಧಿ ಹೇಳುವ ಚಟ ತಾನಾಗಿಯೇ ಅಂಟಿಕೊಳ್ಳುತ್ತದೆ. ನಮ್ಮ ಸಭೆಯ ಪಾದ್ರಿಯವರು ಅದನ್ನು ಬಲ್ಲವರು. ಕುಟುಂಬ ರವಿವಾರದ ಆರಾಧನೆಯಲ್ಲಿ ಹತ್ತು ನಿಮಿಷ ಮಾತನಾಡಬೇಕೆಂದು ಹೋದ ತಿಂಗಳು ಕೇಳಿಕೊಂಡಾಗ, ವಿಷಯವೇನೆಂದು ಕೇಳುವ ಮೊದಲೇ ನಾನು ಒಪ್ಪಿಬಿಟ್ಟಿದ್ದೆ. ಆಮೇಲೆ ಅವರು ವಿಷಯ ಹೇಳಿದರು: ಗಂಡಂದಿರ ಮೇಲೆ ಹೆಂಡಂದಿರ ಪ್ರಭಾವ.

ನಾನು ಅಂದಿನಿಂದ ಚಿಂತೆಗೆ ಬಿದ್ದೆ. ಮೊದಲನೆಯ ತೊಡಕು ಆ ಶಬ್ದದ್ದೇ. ಭಾವ ಎಂದರೆ ನಮ್ಮ ಪೇಟೆಯಲ್ಲಿ ದರ. ಕವಿಗಳಲ್ಲಿ ಅದು ಹೃದಯದ ಸಂಗತಿ. ನೆಂಟರಲ್ಲಿ ಅಕ್ಕನ ಗಂಡ. ಇವುಗಳ ಹಿಂದೆ ಒಂದು ‘ಪ್ರ’ ಸೇರಿಸಿದರೆ ಹೆಂಡತಿಗೆ ಹೇಗೆ ಸಲ್ಲುತ್ತದೋ ನನಗೆ ಹೊಳೆಯಲಿಲ್ಲ. ಎರಡನೆಯದಾಗಿ, ಶಾಸ್ತ್ರದ ಆಧಾರ ಹುಡುಕಹೊರಟರೆ ಅಲ್ಲಿಯೂ ಕಾಲು ಜಾರಿತು. ಆದಿಯ ತೋಟದಲ್ಲಿ ಹೆಂಡತಿ ಹಣ್ಣು ಕೊಟ್ಟಳು, ಗಂಡ ತಿಂದ, ಲೋಕ ಕೆಟ್ಟಿತು ಎಂದು ಗಂಡಸರು ಹೇಳುತ್ತಾ ಬಂದಿದ್ದಾರೆ. ಆದರೆ ದಲ್ಲಾಳಿಯ ಕಣ್ಣಿನಿಂದ ನೋಡಿದರೆ ಆ ವ್ಯವಹಾರ ಬಟಾಬಯಲಿನಲ್ಲಿ ನಡೆದದ್ದು. ಅವಳು ಏನನ್ನೂ ಮುಚ್ಚಿಡಲಿಲ್ಲ, ಅವನು ಏನನ್ನೂ ಕೇಳಲಿಲ್ಲ. ಬಟ್ಟೆ ಎಂಬುದು ಬಂದದ್ದೇ ವ್ಯಾಪಾರ ಮುಗಿದ ಮೇಲೆ. ಇನ್ನು ಅಪೊಸ್ತಲರು ಹೆಂಗಸರಿಗೆ ಬರೆದ ಬುದ್ಧಿಯಂತೂ ಇನ್ನೂ ಕಠಿಣ. ಹೆಂಡತಿಯಾದವಳು ಗಂಡನನ್ನು ಮಾತಿನಿಂದಲ್ಲ, ಮೌನವಾದ ನಡತೆಯಿಂದ ಗೆಲ್ಲಬೇಕಂತೆ. ಗೆಲ್ಲಲಿ, ನನ್ನ ಅಡ್ಡಿಯಿಲ್ಲ. ಆದರೆ ಮೌನದಲ್ಲಿ ಗೆದ್ದರೆ ಸೋತವನಿಗೆ ತಾನು ಸೋತದ್ದು ತಿಳಿಯುವುದಾದರೂ ಹೇಗೆ? ನನ್ನ ಸಂಕಟ ಇದೇ. ನನ್ನ ಬಾಳಿನಲ್ಲಿ ನಾನು ಮಾಡಿದ ಒಂದೇ ಒಂದು ನಿಜವಾದ ಒಳ್ಳೆಯ ಕೆಲಸ ನನ್ನ ಹೆಂಡತಿ ರೂತವ್ವ ಮಾಡಿಸಿದ್ದೋ, ನಾನಾಗಿ ಮಾಡಿದ್ದೋ ಎಂಬುದು ಎರಡು ವರ್ಷವಾದರೂ ಇತ್ಯರ್ಥವಾಗಿರಲಿಲ್ಲ.

ಅದನ್ನು ಹೇಳುತ್ತೇನೆ, ಕೇಳಿ.

ನಮಗೆ ಒಬ್ಬಳೇ ಮಗಳು, ಕೃಪಾ. ಎರಡು ವರ್ಷದ ಹಿಂದೆ ಅವಳಿಗೆ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತು. ಕಾಗದ ಬಂದ ವಾರವೇ ಜೈನಾಪುರದ ಸಮುವೇಲಪ್ಪನವರು ತಮ್ಮ ಮಗ ವಸಂತನಿಗೆ ಅವಳನ್ನು ಕೇಳಿ ಹೇಳಿಕಳಿಸಿದರು. ಹೊಲಮನೆಯುಳ್ಳ ಜನ, ನಮ್ಮ ಸಭೆಯವರೇ, ಹುಡುಗ ಬಬಲೇಶ್ವರದಲ್ಲಿ ಕಾರಕೂನ. ಇಂಥ ಜೋಡಿ ಹತ್ತು ಸಂತೆ ತಿರುಗಿದರೂ ಸಿಗುವುದಿಲ್ಲವೆಂದು ನಾನು ತೀರ್ಮಾನಿಸಿದೆ. ತೀರ್ಮಾನಿಸಿದ್ದನ್ನು ಮನೆಯಲ್ಲಿ ಸಾರಿದೆ. ಕೃಪಾ ಹಿತ್ತಲಿಗೆ ಹೋದಳು. ರೂತವ್ವ ನನ್ನ ಗಂಗಾಳದ ಮಗ್ಗುಲಲ್ಲಿ ಉಪ್ಪಿನಕಾಯಿಯ ಜೊತೆಗೆ ಧಾರವಾಡದ ಆ ಕಾಗದವನ್ನೂ ಇಟ್ಟು, ರೊಟ್ಟಿ ಬಡಿಯಲು ಒಳಗೆ ಹೋದಳು. ಅಷ್ಟೇ. ಇದು ಮನವಿಯೋ, ಟೀಕೆಯೋ, ಅಥವಾ ಕಾಗದಕ್ಕೆ ಬೇರೆ ಜಾಗವಿರಲಿಲ್ಲವೋ ನನಗೆ ಅರ್ಥವಾಗಲಿಲ್ಲ. ಕಾಗದಕ್ಕೆ ಎಣ್ಣೆ ತಾಗದ ಹಾಗೆ ಸರಿಸಿಟ್ಟು ಊಟ ಮುಗಿಸಿದೆ.

ಮಾತುಕತೆಯ ದಿನ ಸಮುವೇಲಪ್ಪನವರು ನಾಲ್ಕು ಜನರೊಡನೆ ಬಂದರು. ಪಾದ್ರಿಯವರೂ ಬಂದರು. ಸಾಧಾರಣವಾಗಿ ಇಂಥ ಹೊತ್ತಿನಲ್ಲಿ ಹೆಣ್ಣಿನ ತಾಯಿ ಬಾಗಿಲ ಮರೆಯಲ್ಲಿ ನಿಲ್ಲುವುದು ನಮ್ಮ ಕಡೆಯ ರೂಢಿ. ಪಾದ್ರಿಯವರು ಹೊಸ ವಿಚಾರದವರು. ತಾಯಿತಂದೆ ಇಬ್ಬರೂ ಒಂದೇ ಜಮಖಾನದ ಮೇಲೆ ಕೂಡಬೇಕು, ಮೊದಲು ಪ್ರಾರ್ಥನೆಯಾಗಬೇಕು, ಪ್ರಾರ್ಥನೆಯ ಹೊತ್ತಿಗೆ ಗಂಡಹೆಂಡಿರು ಕೈ ಹಿಡಿದುಕೊಳ್ಳಬೇಕು ಎಂದರು. ಮದುವೆಯಾದ ಮೇಲೆ ಹತ್ತು ಜನರ ಮುಂದೆ ನಾನು ಅವಳ ಕೈ ಹಿಡಿದವನೇ ಅಲ್ಲ. ‘ಕೈ ಹಿಡಿದವಳು’ ಎಂದು ಹೆಂಡತಿಯನ್ನು ಕರೆಯುವ ನಾವು ಆ ಕೈಯನ್ನು ಒಂದೇ ದಿನ ಹಿಡಿದು ಬಿಟ್ಟುಬಿಡುತ್ತೇವೆ. ಪಾಣಿಗ್ರಹಣವು ಪಾಣಿವಿಗ್ರಹವಾಗಿ ಮುಂದಿನ ದಿನಗಳೆಲ್ಲ ಕೈ ಬೇರೆ, ಬಾಯಿ ಬೇರೆ. ರೂತವ್ವ ಕೆಂಪಾಗಿ, ತಲೆ ತಗ್ಗಿಸಿ, ಕೈ ನೀಡಿದಳು. ನೀಡಿದವಳೇ, ಜನ ನೋಡಬಾರದೆಂದು, ಇಳಕಲ್ ಸೀರೆಯ ಸೆರಗನ್ನು ಎಳೆದು ಇಬ್ಬರ ಕೈಯ ಮೇಲೂ ಮುಚ್ಚಿದಳು.

ಓದುಗ ಮಿತ್ರರೇ, ಬಟ್ಟೆಯ ಕೆಳಗೆ ಕೈಗೆ ಕೈ ತಾಗಿದ ಕ್ಷಣವೇ ನಾನು ಗಂಡನಾಗಿ ಉಳಿಯಲಿಲ್ಲ, ದಲ್ಲಾಳಿಯಾದೆ. ಅದು ನನ್ನ ತಪ್ಪಲ್ಲ, ಕೈಯ ತಪ್ಪು. ಇಪ್ಪತ್ತು ವರ್ಷ ಅದಕ್ಕೆ ಅದೇ ಅಭ್ಯಾಸ. ಕಣ್ಣು ಮುಚ್ಚಿದೆ, ಮುಖದ ಮೇಲಿನ ಭಾವವನ್ನೆಲ್ಲ ಒರೆಸಿ ಹಾಕಿದೆ. ಪಾದ್ರಿಯವರು ಪ್ರಾರ್ಥಿಸುತ್ತಾ ಸೃಷ್ಟಿಯಿಂದ ಹೊರಟು, ಪಿತೃಗಳನ್ನು ದಾಟಿ, ನಮ್ಮ ಎರಡು ಮನೆತನಗಳ ಬಳಿಗೆ ಬರುವಷ್ಟರಲ್ಲಿ, ಸೆರಗಿನ ಕೆಳಗೆ ರೂತವ್ವ ನನ್ನ ಎರಡು ಬೆರಳುಗಳನ್ನು ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತಿದಳು.

ಎರಡು.

ಆಮೆನ್ ಆಯಿತು. ಸಮುವೇಲಪ್ಪನವರು ಗಂಟಲು ಸರಿಮಾಡಿಕೊಂಡು, “ಹಂಗಾರ ಬೀಗರ, ಮುಂದಿನ ತಿಂಗಳದಾಗ ಒಂದ ದಿನಾ ಗೊತ್ತ ಮಾಡೂಣೇನ್ರಿ?” ಎಂದರು.

“ಎರಡ ವರ್ಷ,” ಎಂದೆ ನಾನು.

ಹೇಳಿದ ಧ್ವನಿ ನನ್ನದೇ ಎಂದು ನನಗೆ ಖಾತ್ರಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಏನು ಎರಡು ವರ್ಷ ಎಂದು ಅವರು ಕೇಳಿದರು. ಹುಡುಗಿ ಧಾರವಾಡದಲ್ಲಿ ಕಲಿಯುವುದಿದೆ, ಎರಡು ವರ್ಷದ ಕಲಿಕೆ, ಮುಗಿದ ಮೇಲೆ ಮುಂದಿನ ಮಾತು ಎಂದು ನನ್ನ ಬಾಯಿ ತಡೆಯಿಲ್ಲದೆ ಹೇಳುತ್ತಾ ಹೋಯಿತು. ಸಮುವೇಲಪ್ಪನವರೂ ಸಂತೆ ಕಂಡವರೇ. ಆರು ತಿಂಗಳು ಎಂದರು. ನಾನು ತಲೆಯಾಡಿಸಲಿಲ್ಲ. ಒಂದು ವರ್ಷ ಎಂದರು. ಒತ್ತಿದ ಬೆರಳನ್ನು ಹಿಂದಕ್ಕೆ ಪಡೆಯುವುದು ನನ್ನ ಕಸುಬಿನಲ್ಲಿಲ್ಲ, ಮೇಲಾಗಿ ಒತ್ತಿದವನು ನಾನೂ ಅಲ್ಲ. ಅವರು ಶಲ್ಲೆ ಕೊಡವಿ ಎದ್ದರು. ಕೃಪಾ ತಂದಿಟ್ಟ ಚಹಾ ಅವರ ಕಪ್ಪಿನಲ್ಲಿ ಹಾಗೆಯೇ ಉಳಿಯಿತು. ನನ್ನ ಕಪ್ಪಿನಲ್ಲಿ ಮಾತ್ರ ಸಕ್ಕರೆ ಎರಡರಷ್ಟಿತ್ತು.

ಅಂದಿನಿಂದ ನನ್ನ ಗೊಂದಲದ ಪರ್ವ ಆರಂಭವಾಯಿತು. ಮಗಳು ಧಾರವಾಡದ ಹಾಸ್ಟೆಲಿನಿಂದ ಪತ್ರ ಬರೆದಾಗಲೆಲ್ಲ, ಎಲ್ಲರ ಮುಂದೆ ನನ್ನ ಪರವಾಗಿ ನಿಂತ ಅಪ್ಪ ನೀನು ಎಂದು ಬರೆಯುತ್ತಿದ್ದಳು. ಓದುವಾಗ ನನಗೆ ಬೇರೆಯವರ ಅಂಗಿ ತೊಟ್ಟು ಫೋಟೋ ತೆಗೆಸಿಕೊಂಡಂತೆ ಆಗುತ್ತಿತ್ತು. ಪಾದ್ರಿಯವರು ಎಲ್ಲವನ್ನೂ ಪ್ರಾರ್ಥನೆಯ ಫಲವೆಂದರು. ನಾನು ನಿಜ ಹೇಳಿದ್ದು ಹುಸೇನಸಾಬನೊಬ್ಬನಿಗೆ, ತಿಕೋಟಾದ ಸಂತೆಯಲ್ಲಿ, ಅವನು ಒಂದು ಹೋರಿಯ ಹಲ್ಲು ನೋಡುತ್ತಿದ್ದಾಗ. ಅವನು ಹೋರಿಯ ಬಾಯಿ ಬಿಟ್ಟು ನನ್ನ ಬಾಯಿ ನೋಡಿದ.

“ದಾನಪ್ಪಾ, ಎರಡು ಅಂದ್ರ ಎರಡು ಏನೋ? ತಿಂಗಳೋ, ವರ್ಷೋ, ತೊಲಿ ಬಂಗಾರೋ? ಹತ್ತೋ ನೂರೋ ಅಂತ ಕೇಳದ ಕೈ ಬಿಟ್ಟಿ ಅಂದ್ರ ನೀ ಎಂಥಾ ದಲ್ಲಾಳಿ ಲೇ? ನಾ ಕಲಿಸಿದ್ದ ಮಣ್ಣಾತು.”

ಅದು ನನಗೆ ಹೊಳೆದಿರಲೇ ಇಲ್ಲ. ಎರಡು ತಿಂಗಳು ಬಿಟ್ಟು ಮದುವೆಯಾಗಲಿ ಎಂದು ಅವಳು ಒತ್ತಿರಬಹುದಲ್ಲ! ಆಗ ನಾನು ಒಳ್ಳೆಯ ಸಂಬಂಧವೊಂದನ್ನು ಅವಳ ಕೈಯಿಂದ ಕಿತ್ತು ಬಿಸಾಡಿದಂತಾಯಿತು. ಇಲ್ಲವೇ ಎರಡು ತೊಲೆಗಿಂತ ಹೆಚ್ಚು ಒಪ್ಪಬೇಡಿ ಎಂದಿರಬಹುದು. ಆಗಂತೂ ಅವಳು ಬಂಗಾರದ ಮಾತಾಡಿದ್ದಕ್ಕೆ ನಾನು ವರ್ಷದ ಉತ್ತರ ಕೊಟ್ಟ ಹಾಗೆ. ವಿಜಾಪುರಕ್ಕೆ ಮರಳಿದಾಗ ಬಸ್ ನಿಲ್ದಾಣದ ಗೋಡೆಯ ಮೇಲೆ ಸರಕಾರದವರು ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕದಲ್ಲಿ ಎರಡು ಮಕ್ಕಳ ಚಿತ್ರ ಬರೆಸಿದ್ದರು. ಆ ಎರಡೂ ನನ್ನನ್ನು ನೋಡಿ ನಗುತ್ತಿದ್ದವು.

ರೂತವ್ವನನ್ನೇ ಕೇಳಬಾರದಿತ್ತೇ ಎನ್ನುತ್ತೀರಿ. ಕೇಳದೆ ಇರುತ್ತೇನೆಯೇ? ಆದರೆ ಕೇಳುವುದರಲ್ಲಿಯೂ ಒಂದು ವರಸೆಯಿದೆ. ನೇರವಾಗಿ ಕೇಳಿದರೆ, ನನಗೆ ತಿಳಿಯಲಿಲ್ಲ ಎಂದು ಒಪ್ಪಿಕೊಂಡಂತೆ. ತಿಳಿಯದೆ ಹೇಳಿದ್ದೆ ಎಂದು ತಿಳಿದರೆ ಮನೆಯಲ್ಲಿ ನನ್ನ ಭಾವ, ಅಂದರೆ ದರ, ಇಳಿಯುತ್ತದೆ. ಆದ್ದರಿಂದ ಎತ್ತಿನ ಸುಳಿ ನೋಡುವವನಂತೆ ಸುತ್ತು ಹಾಕಿ ಬಂದೆ. ಅಂದು ಪ್ರಾರ್ಥನೆ ಬಹಳ ಉದ್ದವಾಯಿತಲ್ಲವೇ ಎಂದೆ. ಹೌದು, ನೀವು ತೂಕಡಿಸುತ್ತಿದ್ದಿರಿ, ಎಬ್ಬಿಸಿದೆ ಎಂದಳು. ಮಗಳ ಎರಡು ವರ್ಷದ ಓದು ನನ್ನ ಒಂದು ತೂಕಡಿಕೆಯ ಮೇಲೆ ನಿಂತಿತ್ತೇ? ಮತ್ತೊಂದು ತಿಂಗಳು ಬಿಟ್ಟು ಬೇರೆ ದಾರಿಯಿಂದ ಬಂದಾಗ, ಜೋಳ ಹಸನು ಮಾಡುತ್ತಿದ್ದವಳು, ಸೊಳ್ಳೆ ಕಚ್ಚಿದರೂ ಜನರ ಮುಂದೆ ತುರಿಸಿಕೊಳ್ಳುವುದಕ್ಕಾಗುತ್ತದೆಯೇ, ಕೈ ಒತ್ತಿ ತಡೆದುಕೊಳ್ಳಬೇಕಷ್ಟೇ ಎಂದಳು. ಮೂರನೆಯ ಸಲ ಕೇಳಿದ್ದಕ್ಕೆ ನಕ್ಕು ಒಲೆಯ ಕಡೆ ತಿರುಗಿದಳು. ಇಷ್ಟು ಬಿಗಿಯಾಗಿ ಮುಷ್ಟಿ ಹಿಡಿಯುವವರನ್ನು ನಾನು ಯಾವ ಸಂತೆಯಲ್ಲೂ ಕಂಡಿಲ್ಲ. ಅವಳು ದಲ್ಲಾಳಿಯಾಗಿ ಸಂತೆಯಲ್ಲಿ ಕುಳಿತಿದ್ದರೆ ಹುಸೇನಸಾಬನೂ ನಾನೂ ಹಗ್ಗ ಮಾರಿಕೊಂಡೇ ಇರಬೇಕಾಗುತ್ತಿತ್ತು.

ಹೀಗಿರುವಾಗ ಪಾದ್ರಿಯವರ ಹತ್ತು ನಿಮಿಷ. ಹೆಂಡತಿಯ ಪ್ರಭಾವದಿಂದ ನಾನು ಒಳ್ಳೆಯ ಕೆಲಸ ಮಾಡಿದೆ ಎನ್ನಬೇಕೇ, ಹೆಂಡತಿಯ ಪ್ರಭಾವವಿದೆಯೆಂಬ ಭ್ರಮೆಯಿಂದ ಮಾಡಿದೆ ಎನ್ನಬೇಕೇ? ಭ್ರಮೆಯೂ ಒಂದು ಪ್ರಭಾವವೇ ಎಂದು ಒಂದು ಹಾಳೆಯಲ್ಲಿ ಬರೆದೆ, ಹೊಡೆದು ಹಾಕಿದೆ. ಅವಳು ಒತ್ತದಿದ್ದರೂ ನಾನು ಹಾಗೆಯೇ ಹೇಳುತ್ತಿದ್ದೆ ಎಂದು ಬರೆದೆ. ಅದು ಸುಳ್ಳೆಂದು ಪೆನ್ನಿಗೇ ತಿಳಿದು ಮಸಿ ನಿಂತಿತು. ಆ ರವಿವಾರಕ್ಕೆ ಮೂರು ದಿನ ಉಳಿದಿದ್ದಾಗ, ಮುಂಜಾನೆ ಹತ್ತರ ಹೊತ್ತಿಗೆ, ಹೇಳದೆ ಕೇಳದೆ ಸಮುವೇಲಪ್ಪನವರು ಮಗನನ್ನು ಕರೆದುಕೊಂಡು ಬಾಗಿಲಲ್ಲಿ ನಿಂತರು.

“ಎರಡ ವರ್ಷ ಅಂದಿದ್ರಿ. ಎರಡ ವರ್ಷ ಆತು. ಬಂದೇನಿ,” ಎಂದರು, ನಿನ್ನೆ ಎದ್ದು ಹೋದವರ ಹಾಗೆ.

ನಡುವೆ ಅವರು ಬೇರೆ ಕಡೆ ಹೆಣ್ಣು ನೋಡಿದ್ದು ನನಗೆ ಗೊತ್ತು. ವಸಂತ ಎಲ್ಲಿಯೂ ಒಪ್ಪಲಿಲ್ಲವೆಂಬುದೂ ಬಬಲೇಶ್ವರದ ಸಂತೆಯಲ್ಲಿ ಕಿವಿಗೆ ಬಿದ್ದಿತ್ತು. ಆದರೆ ಸಮುವೇಲಪ್ಪನವರು ಅದೊಂದನ್ನೂ ಎತ್ತಲಿಲ್ಲ. ಅವರ ಪಾಲಿಗೆ ಅಂದು ನಾನು ಹೇಳಿದ್ದು ಒಂದು ಬೆಲೆ. ಅದನ್ನು ಅವರು ತೆತ್ತಾಗಿತ್ತು. ನನಗೋ ಕಾಲಡಿಯ ಜಮಖಾನವೇ ಸರಿದಂತಾಯಿತು, ಏಕೆಂದರೆ ಕೃಪಾಳ ಪರೀಕ್ಷೆ ಮುಗಿದು, ಹೊನವಾಡದ ಸಾಲೆಗೆ ಬರುವ ಸೋಮವಾರ ಹಾಜರಾಗಬೇಕೆಂಬ ಆದೇಶ ಆಗಲೇ ಮನೆಯಲ್ಲಿತ್ತು. ಒಪ್ಪಿದರೆ ನೌಕರಿ ಹೋದೀತು, ಒಪ್ಪದಿದ್ದರೆ ಮತ್ತೊಮ್ಮೆ ಎದ್ದು ಹೋದವರು ತಿರುಗಿ ಬರುವವರಲ್ಲ.

ಪಾದ್ರಿಯವರಿಗೆ ಹೇಳಿ ಕಳಿಸಿದೆ. ಅದೇ ಜಮಖಾನ, ಅದೇ ಅಪ್ಪಣೆ. ಈ ಸಲ ನಾನು ಸೆರಗಿಗಾಗಿ ಕಾಯಲಿಲ್ಲ. ನನ್ನ ಶಲ್ಲೆಯನ್ನೇ ತೆಗೆದು ಇಬ್ಬರ ಕೈಯ ಮೇಲೆ ಹಾಸಿ, ಕಣ್ಣು ಮುಚ್ಚಿ, ಇಡೀ ಜೀವವನ್ನು ಅಂಗೈಗೆ ಇಳಿಸಿ ಕುಳಿತೆ. ದೇವರೇ, ಈ ಸಲ ತಿಳಿಯುವ ಹಾಗೆ ಒತ್ತಲಿ ಎಂದು ನನ್ನದೇ ಒಂದು ಉಪಪ್ರಾರ್ಥನೆ ನಡೆಸಿದೆ. ಪಾದ್ರಿಯವರು ಸೃಷ್ಟಿ ದಾಟಿದರು, ಪಿತೃಗಳನ್ನು ದಾಟಿದರು. ಏನೂ ಬರಲಿಲ್ಲ. ಕಡೆಗೆ, ಆಮೆನ್ ಇನ್ನೇನು ಬಂತು ಎನ್ನುವಾಗ, ರೂತವ್ವ ತನ್ನ ಇಡೀ ಕೈಯಿಂದ ನನ್ನ ಇಡೀ ಅಂಗೈಯನ್ನು ಹಿಡಿದಳು.

ಐದು!

ಐದು ಏನು? ಐದು ವರ್ಷವೇ? ಈ ಮನುಷ್ಯ ಎರಡು ಕಾದದ್ದೇ ಪವಾಡ. ಐದು ತಿಂಗಳೇ? ಐದು ತೊಲೆಯೇ? ನನ್ನ ಹಣೆಯ ಮೇಲೆ ಬೆವರು ಒಡೆಯಿತು. ಎಲ್ಲರೂ ಕಣ್ಣು ತೆರೆದು ನನ್ನ ಬಾಯನ್ನೇ ನೋಡುತ್ತಿದ್ದರು. ಬಾಯಿ ‘ಐ’ ಎಂಬ ಅಕ್ಷರದ ಆಕಾರಕ್ಕೆ ಆಗಲೇ ತೆರೆದಿತ್ತು. ಆಗ ಹುಸೇನಸಾಬನ ಬೈಗುಳ ನೆನಪಾಯಿತು. ನನ್ನ ಕಸುಬಿನಲ್ಲಿ ನಾನು ಎಂದೂ ಮಾಡದ ಒಂದು ಕೆಲಸವನ್ನು ಮಾಡಿದೆ: ವ್ಯವಹಾರದ ನಡುವೆ ಶಲ್ಲೆಯನ್ನು ಕಿತ್ತು ತೆಗೆದೆ. ಹತ್ತು ಜನರ ಮುಂದೆ ನಮ್ಮಿಬ್ಬರ ಕೈ ಬಯಲಾಯಿತು.

“ಏನ್ ಹೇಳಾಕತ್ತೀ?” ಎಂದೆ ಅವಳಿಗೆ, ಎಲ್ಲರಿಗೂ ಕೇಳುವ ಹಾಗೆ.

ರೂತವ್ವ ಗಾಬರಿಯಾದಳು. ಕೈ ಮಾತ್ರ ಬಿಡಲಿಲ್ಲ. “ಏನೂ ಇಲ್ಲರೀ. ಕೈ ಹಿಡದೇನಿ.”

“ಹಂಗಾರ ಆವತ್ತ ಒತ್ತಿದ್ದು?”

ಅವಳು ನನ್ನ ಮುಖ ನೋಡಿದಳು. “ಆವತ್ತ ನೀವು ಕೇಳಲಿಲ್ಲಲ್ಲ,” ಎಂದಳು.

ಸಮುವೇಲಪ್ಪನವರಿಗೆ ಇದರ ತಲೆಬುಡ ತಿಳಿಯಲಿಲ್ಲ. ಪಾದ್ರಿಯವರು ಇನ್ನೊಂದು ಪ್ರಾರ್ಥನೆ ಬೇಕೇ ಎಂಬಂತೆ ನೋಡಿದರು. ನನಗೂ ಪೂರ್ತಿ ತಿಳಿಯಿತೆಂದು ಹೇಳಲಾರೆ. ಅಂದು ಒತ್ತಿದ್ದು ವರ್ಷವೋ ತಿಂಗಳೋ ಸೊಳ್ಳೆಯೋ ಎಂಬುದು ಈಗಲೂ ಹಾಗೆಯೇ ಇದೆ. ಆದರೆ ಕೇಳುವುದು ಇಷ್ಟು ಸುಲಭವೆಂದು ಒಮ್ಮೆ ಗೊತ್ತಾದ ಮೇಲೆ ನನಗೆ ಅದರ ರುಚಿ ಹತ್ತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳತ್ತ ತಿರುಗಿ, ನಿನಗೇನು ಬೇಕವ್ವಾ ಎಂದು ಅವಳನ್ನೂ ಕೇಳಿಬಿಟ್ಟೆ. ಮಗಳು ಹುಟ್ಟಿ ಇಪ್ಪತ್ತು ವರ್ಷವಾದರೂ ಈ ಪ್ರಶ್ನೆಯನ್ನು ಬಟ್ಟೆ ಅಂಗಡಿಯಲ್ಲಿ ಬಿಟ್ಟು ಬೇರೆಲ್ಲೂ ನಾನು ಅವಳಿಗೆ ಕೇಳಿರಲಿಲ್ಲ.

ಕೃಪಾ ಚಹಾದ ತಾಟು ಕೆಳಗಿಟ್ಟಳು. “ಮದವಿಗೆ ನಾ ಒಲ್ಲೆ ಅನ್ನೂದಿಲ್ಲಪ್ಪಾ. ಹೊನವಾಡದ ಸಾಲಿ ಮಾತ್ರ ಬಿಡೂದಿಲ್ಲ. ಜೈನಾಪುರದಿಂದ ಎರಡ ಬಸ್ ಬದಲಿಸಬೇಕಾಗತೈತಿ. ಬದಲಿಸ್ತೇನಿ.”

“ಮತ್ತ ಎರಡ?” ಎಂದರು ಸಮುವೇಲಪ್ಪನವರು. ಆರು ತಿಂಗಳು, ಒಂದು ವರ್ಷ ಎಂದು ಅವರು ಚೌಕಾಸಿ ಮಾಡಿದ್ದನ್ನು ನಾನು ಮರೆತಿರಲಿಲ್ಲ. ಅವರು ಮಗನ ಕಡೆ ನೋಡಿದರು. ವಸಂತ, ಬಬಲೇಶ್ವರದವರೆಗೆ ತಾನೂ ಅದೇ ಮುಂಜಾನೆಯ ಬಸ್ಸಿಗೆ ಹೋಗುವವನೆಂದು ಗೋಡೆಗೆ ಹೇಳುವಂತೆ ಹೇಳಿದ. ಸಮುವೇಲಪ್ಪನವರು ಚಹಾದ ಕಪ್ಪು ಎತ್ತಿಕೊಂಡರು. ಈ ಸಲ ತಳ ಕಾಣುವವರೆಗೆ ಕುಡಿದರು.

ರವಿವಾರ ನಾನು ಹತ್ತು ನಿಮಿಷ ಮಾತಾಡಲಿಲ್ಲ. ನಮ್ಮ ಸಭೆಯ ಗುಡಿಯಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂಡುತ್ತಾರೆ. ಎದುರಿಗೆ ನಿಂತು ನೋಡಿದರೆ ನಡುವೆ ಒಂದು ದಾರಿ, ಆ ದಾರಿಯ ಎರಡು ದಡಗಳಲ್ಲಿ ಒಬ್ಬರನ್ನೊಬ್ಬರು ಕೇಳದ ಎಷ್ಟೋ ಪ್ರಶ್ನೆಗಳು ತಲೆ ತಗ್ಗಿಸಿ ಕುಳಿತಂತೆ ಕಂಡಿತು. ಹೆಂಡಂದಿರ ಪ್ರಭಾವ ಗಂಡಂದಿರ ಮೇಲೆ ಎಷ್ಟು ಎಂಬುದು ನನಗೆ ತಿಳಿಯದು, ನನ್ನ ಹೆಂಡತಿಗೆ ತಿಳಿದಿರಬಹುದು, ನಿಮ್ಮ ನಿಮ್ಮ ಹೆಂಡತಿಯರಿಗೂ ತಿಳಿದಿರಬಹುದು, ಮನೆಗೆ ಹೋಗಿ ಬಾಯಿಬಿಟ್ಟು ಕೇಳಿರಿ, ಹತ್ತರ ಲೆಕ್ಕವೋ ನೂರರ ಲೆಕ್ಕವೋ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿರಿ ಎಂದು ಹೇಳಿ ಕೆಳಗಿಳಿದೆ. ಗಂಡಸರ ಕಡೆ ಯಾರಿಗೂ ಅರ್ಥವಾಗಲಿಲ್ಲ. ಹೆಂಗಸರ ಕಡೆ ಒಬ್ಬರು ಕೆಮ್ಮಿದರು, ಇನ್ನೊಬ್ಬರು ನಕ್ಕರು. ಕೆಮ್ಮಿದವರು ಯಾರೆಂದು ನನಗೆ ಗೊತ್ತು. ಏಕೆ ಕೆಮ್ಮಿದಳೆಂದು ಮನೆಗೆ ಹೋಗಿ ಕೇಳಬೇಕೆಂದುಕೊಂಡೆ.

ಸಂತೆಗೆ ಈಗಲೂ ಹೋಗುತ್ತೇನೆ, ಬೆಲೆಗಳನ್ನು ಈಗಲೂ ಮುಚ್ಚಿಯೇ ಕಟ್ಟುತ್ತೇನೆ. ಎತ್ತುಗಳ ವಿಷಯದಲ್ಲಿ ಅದೇ ಸರಿ. ಆದರೆ ಮೊನ್ನೆ ಹುಸೇನಸಾಬ ನನ್ನ ಶಲ್ಲೆಯನ್ನು ಹಿಡಿದು ನೋಡಿ, ಇಪ್ಪತ್ತು ವರ್ಷ ಇದರ ಮೇಲೆ ಒಂದು ಕಲೆ ಕಂಡಿರಲಿಲ್ಲ, ಈಗ ಇದೇನು ಎಂದು ಕೇಳಿದ. ಅಂದು ಕೈಗಳ ಮೇಲಿಂದ ಕಿತ್ತು ತೆಗೆದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಒಂದು ಕೈ ರೂತವ್ವನ ಕೈಯಲ್ಲೇ ಇದ್ದದ್ದರಿಂದ, ಇನ್ನೊಂದರಿಂದ ಹಣೆಗೆ ಒತ್ತಿಕೊಂಡಿದ್ದೆ. ಬೆವರು ಒರೆಸಿಕೊಳ್ಳುವುದಕ್ಕೂ ಶಲ್ಲೆ ಅಡ್ಡಿಯಿಲ್ಲ.